ನಿಂತ ಹೂವಿನ ಪರಿಹಾರ

ಪರಿಹಾರದ ಸಾಹೇಬರು ಇವತ್ತು ಬರುತ್ತಾರೆ, ಇವತ್ತಲ್ಲದಿದ್ದರೆ ನಾಳೆ ಬರುತ್ತಾರೆ ಎಂದು ಊರಿಗೆ ಊರೇ ಬದುವಿನ ಮೇಲೆ ಕಾದು ಕೂತಿದ್ದಾಗ ನನ್ನ ಹೆಂಡತಿ ಸಾಕಮ್ಮನಿಗೆ ಜ್ವರ ಬಂತು. ಮೊದಲ ದಿನ ಮೈಕೈ ನೋವು ಎಂದಳು. ಮಾರನೆಯ ದಿನ ಒಲೆಯ ಮೇಲಿದ್ದ ಹುರುಳಿಸಾರು ಸೀದು ಮನೆಯೆಲ್ಲ ಹೊಗೆಯಾದರೂ ಅವಳಿಗೆ ವಾಸನೆ ಹತ್ತಲಿಲ್ಲ. ನಾನು ಪಾತ್ರೆ ಇಳಿಸಿ ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಬಂದಿರುವುದು ಯಾವ ಜ್ವರ ಎಂದು ಇಬ್ಬರಿಗೂ ಗೊತ್ತಾಯಿತು. ಅದನ್ನು ಹಾಕಲು ನಮಗೆ ಹೊಲವಿಲ್ಲ ಎನ್ನುವುದೂ ಇಬ್ಬರಿಗೂ ಗೊತ್ತಿತ್ತು.

ನಮ್ಮೂರಿನಲ್ಲಿ ಜ್ವರ ಬಂದವರನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತೇವೆ. ಬರಿಗಾಲಿನಲ್ಲಿ ಮಣ್ಣಿನ ಮೇಲೆ ಕೂರಿಸುತ್ತೇವೆ. ಹೊಲದ ಯಜಮಾನನೋ ಯಜಮಾನಿಯೋ ಚೊಂಬಿನಲ್ಲಿ ನೀರು ತಂದು ತಮ್ಮ ಕೈಯಾರೆ ಅವರ ಬೊಗಸೆಗೆ ಹಾಕುತ್ತಾರೆ. ಕುಡಿದವರು ಎದ್ದು ಮನೆಗೆ ಹೋಗುತ್ತಾರೆ, ಜ್ವರ ಹೊಲದಲ್ಲಿ ಉಳಿಯುತ್ತದೆ. ಮೊದಲೆಲ್ಲ ಇದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ಮಳೆಗಾಲದ ಜ್ವರಕ್ಕೆ ಒಂದು ಮೂಲೆಯ ರಾಗಿ ಬಾಡುತ್ತಿತ್ತು, ಮಕ್ಕಳ ನೆಗಡಿಗೆ ನಾಲ್ಕಾರು ಅವರೆ ಗಿಡ. ಕೂಲಿಗೆ ಬರುವವರು ಕೂಲಿ ಮಾತಾಡುವಾಗಲೇ ವರ್ಷಕ್ಕೊಂದು ಜ್ವರ ಎಂದು ಸೇರಿಸಿಕೊಂಡು ಮಾತಾಡುತ್ತಿದ್ದರು. ಎರಡು ಜ್ವರ ತೆಗೆದುಕೊಳ್ಳುತ್ತೇನೆ ಎಂದು ಆಸೆ ತೋರಿಸಿ ಪಕ್ಕದ ಹೊಲದ ಆಳನ್ನು ಎಳೆದುಕೊಂಡವರೂ ಇದ್ದರು. ಇದೇ ಕಾರಣಕ್ಕೆ ನಮ್ಮಲ್ಲಿ ಹೊಲದಲ್ಲಿ ಯಾರೂ ಯಾರಿಗೂ ಸುಮ್ಮನೆ ನೀರು ಕೊಡುವುದಿಲ್ಲ. ಕೆಲಸಕ್ಕೆ ಬಂದವರು ಅವರವರ ನೀರು ಅವರವರೇ ತರುತ್ತಾರೆ. ಹೊರಗಿನವರು ನೋಡಿ, ಎಂಥ ಜಿಪುಣರಪ್ಪ ಎಂದು ಬೈದುಕೊಂಡು ಹೋಗುತ್ತಾರೆ, ನಾವು ಬೈಸಿಕೊಳ್ಳುತ್ತೇವೆ.

ದೊಡ್ಡ ಜ್ವರ ಬಂದ ಮೇಲೆ ಈ ವಾಡಿಕೆಯೆಲ್ಲ ತಲೆಕೆಳಗಾಯಿತು. ಅದು ಮೂಲೆ, ಸಾಲು ಎಂದು ನೋಡುತ್ತಿರಲಿಲ್ಲ. ಒಬ್ಬರ ಜ್ವರಕ್ಕೆ ಒಂದು ಹೊಲ ಪೂರ್ತಿ ಮಲಗುತ್ತಿತ್ತು. ಮಲಗಿದ ಹೊಲ ಮುಂದಿನ ಮುಂಗಾರಿನವರೆಗೆ ಏಳುತ್ತಿರಲಿಲ್ಲ, ಅಷ್ಟರೊಳಗೆ ಮನೆಯಲ್ಲಿ ಇನ್ನೊಬ್ಬರಿಗೆ ಬಂದರೆ ಅವರ ಹಣೆಬರಹ. ಊರಿನ ಅರ್ಧ ಹೊಲಗಳು ಹೀಗೆ ಬೂದಿಬಣ್ಣಕ್ಕೆ ತಿರುಗಿದ್ದವು. ಉಳಿದರ್ಧದಲ್ಲಿ ಸೇವಂತಿಗೆ, ಚೆಂಡುಹೂವು ತುಂಬಿಕೊಂಡು ನಿಂತಿತ್ತು. ನಿಂತಿತ್ತು ಅಷ್ಟೆ. ಗುಡಿಗೆ ಬೀಗ, ಮದುವೆ ಮಂಟಪಕ್ಕೆ ಬೀಗ, ಹೂವಿನ ಮಂಡಿಗೂ ಬೀಗ. ಆ ಹೂವನ್ನು ದಿನಾ ಬೆಳಗಾಗುವ ಮೊದಲು ಪೇಟೆಗೆ ಹೊತ್ತು ಹಾಕುತ್ತಿದ್ದ ನನ್ನ ಲಗೇಜ್ ಆಟೋ ಹೊಂಗೆಮರದ ಕೆಳಗೆ ಕಾಗೆ ಹಿಕ್ಕೆ ಹೊತ್ತುಕೊಂಡು ನಿಂತಿತ್ತು.

ಆಗ ಸರ್ಕಾರ ಹೂವು ಬೆಳೆದವರಿಗೆ ಪರಿಹಾರ ಕೊಡುತ್ತೇವೆ ಎಂದಿತು. ಒಂದೇ ಷರತ್ತು: ಸಾಹೇಬರು ಬಂದು ನೋಡುವ ಹೊತ್ತಿಗೆ ಹೂವು ಹೊಲದಲ್ಲಿ ನಿಂತಿರಬೇಕು, ರೈತ ಅದರ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಜ್ವರಕ್ಕೆ ಮಲಗಿದ ಹೊಲದವರು ನಮ್ಮ ಗತಿಯೇನು ಎಂದು ತೋಟಗಾರಿಕೆ ಆಫೀಸಿಗೆ ಹೋದರು. ಪರಿಹಾರ ಇರುವುದು ಮಾರಾಟವಾಗದ ಹೂವಿಗೆ, ಜ್ವರದ ನಷ್ಟ ಆರೋಗ್ಯ ಇಲಾಖೆಯದು ಎಂದರು. ಆರೋಗ್ಯ ಇಲಾಖೆಗೆ ಹೋದರೆ, ಗಿಡಗಳು ನಮ್ಮಲ್ಲಿ ರೋಗಿಗಳ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಹೋದವರು ಬಸ್ಸಿಲ್ಲದೆ ನಡೆದುಕೊಂಡೇ ವಾಪಸು ಬಂದರು. ಅಂದಿನಿಂದ ಹೂವು ನಿಂತಿದ್ದವರು ಬದು ಬಿಟ್ಟು ಏಳಲಿಲ್ಲ, ತಮ್ಮ ಹೊಲದ ಹತ್ತಿರ ಕೆಮ್ಮಿದವರನ್ನು ಕಂಡರೆ ಕಲ್ಲು ಹೊಡೆಯುವುದೊಂದು ಬಾಕಿ.

ನನ್ನದು ಆ ಕಡೆಗೂ ಸೇರದ, ಈ ಕಡೆಗೂ ಸೇರದ ಸ್ಥಿತಿ. ಅಪ್ಪನ ಹೊಲದಲ್ಲಿ ನನ್ನ ಪಾಲಿನ ಅರ್ಧವನ್ನು ಅಕ್ಕ ಕೆಂಚಮ್ಮನಿಗೇ ಮಾರಿ ಆಟೋ ಕೊಂಡಿದ್ದೆ. ಮಣ್ಣಿನ ಕೆಲಸ ಸಾಕಾಗಿತ್ತು, ಸಾಕಮ್ಮನೂ ಹೂಂ ಅಂದಿದ್ದಳು. "ಗಾಡಿಗೆ ಪೆಟ್ರೋಲು ಹಾಕ್ತೀಯ, ಜ್ವರ ಎಲ್ಲಿಗ್ಲಾ ಹಾಕ್ತೀಯ?" ಎಂದು ಅಕ್ಕ ಆಗಲೇ ಕೇಳಿದ್ದಳು. ನಾನು ನಕ್ಕಿದ್ದೆ. ಹೊಲವಿದ್ದಿದ್ದರೆ ಹೊಲದವನಾಗಿರುತ್ತಿದ್ದೆ, ಕೂಲಿಯವನಾಗಿದ್ದರೆ ವರ್ಷಕ್ಕೊಂದು ಜ್ವರ ಹಾಕಲಾದರೂ ಜಾಗ ಸಿಗುತ್ತಿತ್ತು. ಗಾಡಿಯವನಿಗೆ ಊರಿನಲ್ಲಿ ಯಾರೂ ಏನೂ ಕೊಡಬೇಕಾಗಿರಲಿಲ್ಲ.

ಮೊದಲು ಸಾಕಮ್ಮನನ್ನು ದೊಡ್ಡಾಸ್ಪತ್ರೆಗೇ ಕರೆದುಕೊಂಡು ಹೋದೆ. ಗೇಟಿನಲ್ಲಿದ್ದವನು ಮೂಗುಬಾಯಿ ಕಟ್ಟಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. ಅವನು ಮಲಗಿ ಎಷ್ಟು ದಿನವಾಗಿತ್ತೋ. ಊರಿನ ಹೆಸರು ಕೇಳಿದ, ಹೇಳಿದೆ.

"ನಿಮ್ಮೂರಿಗೆ ಹೊಲ ಐತಲ್ಲಪ್ಪ," ಎಂದ. "ಇಲ್ಲಿ ಹಾಸಿಗೆ ಇರೋದು ಹೊಲ ಇಲ್ದಿರೋ ಊರಿನವ್ರಿಗೆ. ಅದೂ ಖಾಲಿ ಇಲ್ಲ."

"ನನಗೆ ಹೊಲ ಇಲ್ಲಣ್ಣ, ಮಾರ್ಬುಟ್ಟೆ."

"ಊರಲ್ಲಿ ಯಾರಿಗೂ ಇಲ್ವಾ?" ಎಂದು ಕೇಳಿದ. ನಾನು ಗಾಡಿ ತಿರುಗಿಸಿದೆ.

ಅಕ್ಕನ ಹೊಲದ ಮುಂದೆ ನಿಲ್ಲಿಸಿದಾಗ ಅವಳು ಸೇವಂತಿಗೆ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದಳು. ಮಾರಲಾಗದ ಹೂವಿಗೆ ಯಾಕೆ ಕಳೆ ತೆಗೆಯಬೇಕು ಎಂದು ಕೇಳುವಂತಿರಲಿಲ್ಲ. ಹಿಂದುಗಡೆ ಮುದುರಿಕೊಂಡಿದ್ದ ಸಾಕಮ್ಮನನ್ನು ಕಂಡವಳೇ ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ತುಂಬಿಕೊಂಡಿತ್ತು. ನನಗದು ಒಳ್ಳೆಯದೆನ್ನಿಸಲಿಲ್ಲ. ಕೊಡುವವರು ಅಳುವುದಿಲ್ಲ.

"ಕೊಡಕ್ಕಿಲ್ಲ ಅಂತ ನಾನೆಲ್ಲಿ ಅಂದೆ ಮುದ್ದ," ಎಂದಳು. ನನ್ನ ಹೆಸರು ಮುದ್ದಯ್ಯ. "ಮೋಟ್ರು ಸುಟ್ಟೋಗಿ ಎಷ್ಟು ದಿನಾಯ್ತು ನೋಡಿದ್ದೀಯ. ಬಿಂದಿಗೇಲಿ ಹೊತ್ತು ಹೊತ್ತು ಇವನ್ನ ನಿಲ್ಲಿಸ್ಕೊಂಡಿವ್ನಿ. ಪರಿಹಾರ ಬಂದ್ರೆ ಮೋಟ್ರು. ಬರ್ನಿಲ್ಲ ಅಂದ್ರೆ ಈ ಹೊಲ ಮುಂದಿನ್ ವರ್ಷಕ್ಕೂ ಬೀಳು. ನಿಮ್ ಭಾವಂಗೋ ಮೊದ್ಲೇ ದಮ್ಮು. ನಾಳಿಕ್ಕೆ ಅವ್ರಿಗೆ ಬಂದ್ರೆ ಎಲ್ಲಿ ಕೂರಿಸ್ಲಿ?"

"ಇದ್ರಲ್ಲಿ ಅರ್ಧ ನಂದೇ ಆಗಿತ್ತಲ್ಲಕ್ಕ."

"ಆಗಿತ್ತು," ಎಂದಳು.

ಇಬ್ಬರಿಗೂ ಜಗಳವಾಡುವ ಶಕ್ತಿ ಇರಲಿಲ್ಲ. ಸಾಹೇಬರು ನಾಳೆ ಬಂದೇ ಬರುತ್ತಾರಂತೆ, ಫೋಟೊ ಹೊಡೆದುಕೊಂಡು ಅವರು ಬದು ದಾಟಿದ ಗಳಿಗೆಯಲ್ಲೇ ನೀರು ಕೊಡುತ್ತೇನೆ, ನಿನ್ನ ಮೇಲಾಣೆ ಎಂದಳು. ನಾನು ಹೂಂ ಎಂದೆ. ಅಕ್ಕನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಬಂದು ಹೊರಗೆ ಹಾಕಲು ಜಾಗವಿಲ್ಲದೆ ಒಳಗೇ ಕೂತಿತು.

ಮರುದಿನ ಸಾಹೇಬರು ಬರಲಿಲ್ಲ. ಪಕ್ಕದ ಹೋಬಳಿ ಮುಗಿದಿಲ್ಲವಂತೆ. ಅದರ ಮಾರನೆಯ ದಿನ ಅವರ ಬೈಕಿಗೆ ಪೊಲೀಸರು ಅಡ್ಡ ಹಾಕಿದರಂತೆ. ಇಡೀ ತಾಲ್ಲೂಕಿಗೆ ಈಗ ಉಳಿದಿರುವುದು ಅವರೊಬ್ಬರೇ, ಮಿಕ್ಕವರೆಲ್ಲ ರಜ ಹಾಕಿ ಮಲಗಿದ್ದಾರೆ ಎಂದು ಸುದ್ದಿ ಬಂತು. ನಾನು ದಿನಾ ಬೆಳಿಗ್ಗೆ ಸಾಕಮ್ಮನನ್ನು ಗಾಡಿಗೆ ಹತ್ತಿಸಿಕೊಂಡು ಬದುವಿಗೆ ಬರುವುದು, ಸಂಜೆ ವಾಪಸು ಕರೆದುಕೊಂಡು ಹೋಗುವುದು. ಹೂವು ಸಾಗಿಸಿದ ಗಾಡಿಯಲ್ಲಿ ಹೂವಿನ ಗೋಣಿಯ ಮೇಲೇ ಅವಳು ಮಲಗಿರುತ್ತಿದ್ದಳು. ಅಕ್ಕ ಮಧ್ಯಾಹ್ನ ರಾಗಿಗಂಜಿ ಮಾಡಿ ತಂದು, ಹೊಲದ ಗಡಿ ದಾಟಿ ರಸ್ತೆಗೆ ಬಂದು, ಅಲ್ಲಿ ಕುಡಿಸುತ್ತಿದ್ದಳು. ರಸ್ತೆಯಲ್ಲಿ ಕೊಟ್ಟದ್ದಕ್ಕೆ ಏನೂ ಆಗುವುದಿಲ್ಲ. ಸಾಕಮ್ಮ ಕುಡಿದರೆ ಕುಡಿದಳು, ಇಲ್ಲದಿದ್ದರೆ ಇಲ್ಲ. ಅವಳ ಉಸಿರು ಈಗ ಎದೆಯಿಂದಲ್ಲ, ಕುತ್ತಿಗೆಯಿಂದ ಮೇಲೆ ಓಡಾಡುತ್ತಿತ್ತು. ಒಂದು ಸಲವೂ ಅವಳು, ಯಾಕೆ ಕೊಡುತ್ತಿಲ್ಲ ಎಂದು ಕೇಳಲಿಲ್ಲ. ಊರಿನಲ್ಲಿ ಹುಟ್ಟಿ ಬೆಳೆದವಳು, ಅವಳಿಗೆ ಗೊತ್ತಿತ್ತು.

ಅಂತೂ ಒಂದು ದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಸಾಹೇಬರು ಬೈಕು ತಳ್ಳಿಕೊಂಡು ಬಂದರು. ಸಾಹೇಬರು ಎಂದರೆ ನಾವು ದೊಡ್ಡ ಆಳನ್ನು ಊಹಿಸಿದ್ದೆವು. ಇವನು ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ಹೆಸರು ಬಸವಂತ, ಬಡಗಣ ಸೀಮೆಯವನು, ನೌಕರಿಗೆ ಸೇರಿ ವರ್ಷವೂ ತುಂಬಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕುತ್ತಿಗೆಗೆ ನೇತುಹಾಕಿಕೊಂಡಿದ್ದ ನೀರಿನ ಬಾಟಲಿ ಖಾಲಿ. ಊರೊಳಗೆ ರೋಗದ ಭಯಕ್ಕೆ ಯಾರೂ ಕದ ತೆಗೆದಿರಲಿಲ್ಲ, ಹೊಲದವರು ಕೊಡುವ ಹಾಗಿರಲಿಲ್ಲ.

"ಫೋಟೊ ತಗದುಬಿಡ್ತೀನ್ರಿ ಯವ್ವಾ, ಹೂವಿನ ನಡಕ ನಿಲ್ರಿ," ಎಂದ. ಅಕ್ಕ ಸೆರಗು ಸರಿಮಾಡಿಕೊಂಡು ಹೋಗಿ ನಿಂತಳು. ಅವನು ಫೋನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಆ್ಯಪು ತೆರೆಯುತ್ತಿಲ್ಲ ಎಂದ. ಅದಕ್ಕೆ ಮೆಸೇಜಿನಲ್ಲಿ ಒಂದು ನಂಬರು ಬರಬೇಕಂತೆ, ಅದು ಬಂದ ಮೇಲೆಯೇ ತೆರೆಯುವುದಂತೆ, ತೆರೆದ ಮೇಲೆಯೇ ಫೋಟೊ, ಸುಮ್ಮನೆ ಹೊಡೆದ ಫೋಟೊ ನಡೆಯುವುದಿಲ್ಲವಂತೆ. ನಮ್ಮ ಹೊಲದ ಬಯಲಿನಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು. ಆಚೆ ಹುಣಿಸೆಮರದ ಹತ್ತಿರದ ಹಾಸುಬಂಡೆ ಹತ್ತಿದರೆ ಒಂದು ಕಡ್ಡಿ ಸಿಗುತ್ತದೆ ಎಂದೆ. ಅವನು ಉಸ್ಸೆಂದು ಅತ್ತ ನಡೆದ. ನಡುವೆ ಎರಡು ಸಲ ಸೊಂಟಕ್ಕೆ ಕೈ ಕೊಟ್ಟು ನಿಂತ.

ಸಾಕಮ್ಮನನ್ನು ನಾನು ಆಗಲೇ ಗಾಡಿಯಿಂದ ಇಳಿಸಿ ಬದುವಿನ ಪಕ್ಕ, ಹೂವಿನ ಮೊದಲ ಸಾಲಿನ ಬುಡದಲ್ಲಿ ಮಲಗಿಸಿದ್ದೆ. ಫೋಟೊ ಆದ ಗಳಿಗೆಯಲ್ಲೇ ಎಂದು ಮಾತಾಗಿತ್ತಲ್ಲ, ಎತ್ತಿ ಇಳಿಸುವ ಹೊತ್ತೂ ವ್ಯರ್ಥವಾಗಬಾರದು ಎಂದು. ಚಪ್ಪಲಿ ಬಿಡಿಸಿದ್ದೆ. ಅಕ್ಕ ಹೂವಿನ ನಡುವೆ ಹಾಗೆಯೇ ನಿಂತಿದ್ದಳು. ತುಂಬಿದ ಚೊಂಬು ಅವಳ ಕಾಲ ಬಳಿ ಇತ್ತು. ಬಂಡೆಯ ಮೇಲೆ ಹುಡುಗ ಕೈ ಮೇಲೆತ್ತಿ ಫೋನು ಹಿಡಿದು ಅತ್ತಿತ್ತ ತಿರುಗುವುದು ಕಾಣುತ್ತಿತ್ತು. ನಾವು ಮೂವರೂ ಅವನನ್ನೇ ನೋಡುತ್ತಿದ್ದೆವು. ನಾನು ಹಾಗೆಂದುಕೊಂಡಿದ್ದೆ. ಆದರೆ ಸಾಕಮ್ಮ ನೋಡುತ್ತಿರಲಿಲ್ಲ. ಅವಳು ಮಲಗಿದ್ದಲ್ಲಿಂದಲೇ ಕೈ ಚಾಚಿ, ತನಗೆ ಎಟುಕುವ ಗಿಡದಲ್ಲಿ ಒಣಗಿದ ಎಲೆಯೊಂದನ್ನು ಚಿವುಟಿದಳು. ಆಮೇಲೆ ಇನ್ನೊಂದು. ಕಪ್ಪಾದ ಒಂದು ಹೂವನ್ನು ಕಿತ್ತು ಬದುವಿನಾಚೆ ಹಾಕಲು ಹೋದಳು, ಕೈ ಅಷ್ಟು ದೂರ ಹೋಗಲಿಲ್ಲ.

"ಏನೇ ಮಾಡ್ತಿದ್ದೀಯ?" ಎಂದು ಅಕ್ಕ ಕೇಳಿದಳು.

"ಫೋಟಕ್ಕೆ ಚೆಂದಾಗಿ ಕಾಣ್ಲಿ ಅಂತ ಅಕ್ಕ," ಎಂದಳು ಸಾಕಮ್ಮ. ಅಷ್ಟು ಹೇಳಲು ಮೂರು ಸಲ ಉಸಿರು ತೆಗೆದುಕೊಂಡಳು.

ಅಕ್ಕ ಬಂಡೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಚೊಂಬು ಎತ್ತಿಕೊಂಡು ಬಂದಳು. "ಎತ್ತಿ ಕೂರ್ಸೋ ಅವ್ಳ," ಎಂದಳು. ನಾನು ಎಬ್ಬಿಸಿ ಎದೆಗೊರಗಿಸಿಕೊಂಡು ಕೂರಿಸಿದೆ. ಎರಡೂ ಪಾದ ಮಣ್ಣಿಗೆ ಊರಿಸಿದೆ. ಬೊಗಸೆ ಹಿಡಿಯುವ ತ್ರಾಣ ಅವಳಿಗಿರಲಿಲ್ಲ, ಅವಳ ಅಂಗೈಗಳ ಕೆಳಗೆ ನನ್ನವನ್ನು ಇಟ್ಟೆ. ಅಕ್ಕ ನೀರು ಹಾಕಿದಳು. "ಕುಡಿಯೇ ಸಾಕಿ, ಪೂರ್ತಿ ಕುಡಿ, ಸುಡ್ಲಿ ಇದು," ಎಂದಳು.

ಜ್ವರ ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ, ಹೊಲಕ್ಕೆ ಏರುವುದು ಕಾಣುತ್ತದೆ. ಮೊದಲು ಅವಳ ಪಾದದ ಹತ್ತಿರದ ಗಿಡ ತಲೆ ಬಾಗಿಸಿತು. ಆಮೇಲೆ ಆ ಸಾಲು. ಆಮೇಲೆ ಸಾಲಿನಿಂದ ಸಾಲಿಗೆ, ಅವಸರವಿಲ್ಲದೆ. ಹಳದಿ ಹೂವೆಲ್ಲ ಮೊದಲು ಕಂದಿ, ಆಮೇಲೆ ನೆಲ ನೋಡತೊಡಗಿದವು. ಸಾಕಮ್ಮ ಉದ್ದಕ್ಕೆ ಒಂದು ಉಸಿರೆಳೆದುಕೊಂಡಳು. ಎಷ್ಟೋ ದಿನಗಳ ಮೇಲೆ ಅವಳ ಹೊಟ್ಟೆಯವರೆಗೂ ಇಳಿದ ಉಸಿರು. ನನಗೆ ಅಳು ಬಂತು, ಅತ್ತುಬಿಟ್ಟೆ. ಅಕ್ಕ ಖಾಲಿ ಚೊಂಬು ಹಿಡಿದುಕೊಂಡು ತನ್ನ ಹೊಲ ಮಲಗುವುದನ್ನು ಕೊನೆಯ ಸಾಲಿನವರೆಗೂ ನಿಂತು ನೋಡಿದಳು.

ಹುಡುಗ ಬಂಡೆಯಿಂದ ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ತೆರೀತ್ರಿ, ತೆರೀತು," ಎನ್ನುತ್ತಾ ಬಂದವನು ಬದುವಿನ ಮೇಲೆ ನಿಂತುಬಿಟ್ಟ. ಫೋನನ್ನೂ ಹೊಲವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ.

"ಈಗಷ್ಟ ನಿಂತಿತ್ತಲ್ರಿ," ಎಂದ.

"ನಿಂತಿತ್ತು ಸ್ವಾಮಿ," ಎಂದಳು ಅಕ್ಕ.

"ನಾನ ನೋಡೇನಿ. ಆದ್ರ ನಾ ನೋಡಿದ್ದು ನಡ್ಯಾಂಗಿಲ್ರಿ. ಇದು ನೋಡ್ಬೇಕು," ಎಂದು ಫೋನು ತೋರಿಸಿದ. ಅಕ್ಕ ಹೋಗಿ ಮಲಗಿದ ಹೂವಿನ ನಡುವೆ ಮೊದಲು ನಿಂತಿದ್ದಲ್ಲೇ ನಿಂತಳು. ಅವನು ಫೋಟೊ ತೆಗೆದ. ಬೆಳೆ ನಿಂತಿಲ್ಲ ಎಂದು ಬರೆಯಬೇಕಾಯಿತು, ಬರೆದ. ಅದಾದ ಮೇಲೆ ಫೋನಿನ ಚಾರ್ಜು ಮುಗಿದು ಕಪ್ಪಗಾಯಿತು.

ಅವನು ಹಾಗೆಯೇ ಬದುವಿನ ಮೇಲೆ ಕುಸಿದು ಕೂತ. ಕಾಲು ಉರಿಯುತ್ತಿದೆ ಎಂದು ಬೂಟು ಬಿಚ್ಚಿ ಪಾದಗಳನ್ನು ಹೊಲದ ಮಣ್ಣಿನ ಮೇಲೆ ಇಟ್ಟ. ಆಗ ನಾನು ಅವನನ್ನು ಸರಿಯಾಗಿ ನೋಡಿದೆ. ತುಟಿ ಒಡೆದಿತ್ತು. ಕುತ್ತಿಗೆಯ ನರ ಉಸಿರಿಗೊಮ್ಮೆ ಎದ್ದು ಕಾಣುತ್ತಿತ್ತು. ಇಷ್ಟು ದಿನ ಅದನ್ನೇ ಮನೆಯಲ್ಲಿ ನೋಡಿಕೊಂಡು ಕೂತಿದ್ದ ನನಗೆ, ಇವನಿಗೂ ಅದೇ ಜ್ವರ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಒಂದೀಟು ನೀರು ಕೊಡ್ರಿ ಯವ್ವಾ," ಎಂದ. "ಮುಂಜಾನಿಂದ ಕೇಳಾಕತ್ತೀನಿ, ಎಲ್ಲಾರೂ ಹೊಲ ನೋಡ್ಕೋತ ನಿಲ್ತಾರ."

ಅಕ್ಕ ಬಾನಿಯಿಂದ ಚೊಂಬು ತುಂಬಿಕೊಂಡು ಬಂದಳು. ಅವನು ಬೊಗಸೆ ಹಿಡಿದ. ಅವಳು ಹಾಕುತ್ತಲೇ ಹೋದಳು, ಅವನು ಕುಡಿಯುತ್ತಲೇ ಹೋದ. ನಾನೂ ಸಾಕಮ್ಮನೂ ಹೊಲದ ಕಡೆ ನೋಡಿದೆವು. ಅದು ಮೊದಲೇ ಮಲಗಿತ್ತು, ಇನ್ನೇನು ಮಾಡಬಲ್ಲದು. ಅಕ್ಕ ಕೊಟ್ಟದ್ದು ನೀರು, ಅಷ್ಟೆ.

ಅವನು ಮುಖ ಒರೆಸಿಕೊಂಡು ಕೈ ಮುಗಿದ. "ಭಾಳ ಪುಣ್ಯ ಬರ್ತೈತ್ರಿ ನಿಮಗ. ಈ ಊರಾಗ ನನಗ ನೀರು ಕೊಟ್ಟವ್ರು ನೀವೊಬ್ರ," ಎಂದ. ಹೊಲ ಮಲಗಿದಾಗ ಅಳದೆ ನಿಂತಿದ್ದ ಅಕ್ಕ ಆ ಮಾತು ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಮುದ್ದ," ಎಂದಳು ಸೆರಗಿನೊಳಗಿನಿಂದಲೇ, "ಗಾಡಿ ತೆಗಿ. ಇವನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗು. ನಮ್ಮೂರಿನವನಲ್ಲ, ಹಾಸಿಗೆ ಕೊಡ್ತಾರೆ."

ನಾನು ಅವನನ್ನು ಹಿಂದುಗಡೆ ಗೋಣಿಯ ಮೇಲೆ ಕೂರಿಸಿದೆ. ಬೇಡವೆಂದರೂ ಕೇಳದೆ ಸಾಕಮ್ಮ ಪಕ್ಕದಲ್ಲಿ ಹತ್ತಿ ಕೂತು ಅವನು ಬೀಳದ ಹಾಗೆ ತೋಳು ಹಿಡಿದುಕೊಂಡಳು. ದಾರಿಯುದ್ದಕ್ಕೂ ಹೂವು ನಿಂತ ಹೊಲಗಳು, ಬದುವಿನ ಮೇಲೆ ಅವುಗಳ ಯಜಮಾನರು. ಮೊದಲು ಸಿಕ್ಕವನು ಲಕ್ಕಣ್ಣ, ಚೆಂಡುಹೂವಿನ ಹೊಲದವನು. ಅಡ್ಡ ಬಂದು ಗಾಡಿ ನಿಲ್ಲಿಸಿದ.

"ಸಾಹೇಬ್ರೆ, ನಮ್ಮದು ನೋಡ್ನೇ ಇಲ್ಲ, ಎಲ್ಲಿಗೆ ಹೊಂಟ್ರಿ?"

"ಲಕ್ಕಣ್ಣ," ಎಂದಳು ಸಾಕಮ್ಮ, "ಈ ಹುಡ್ಗಂಗೆ ಜ್ವರ. ಇಳಿಸ್ತೀವಿ, ನಿನ್ ಹೊಲದಲ್ಲಿ ಒಂದು ಬೊಗಸೆ ನೀರು ಹಾಕು."

ಲಕ್ಕಣ್ಣ ಕೆಟ್ಟವನಲ್ಲ. ಅವನ ಹೊಲದಲ್ಲಿ ಹಿಂದೆ ಯಾರ್ಯಾರೋ ಜ್ವರ ಬಿಟ್ಟು ಎದ್ದು ಹೋಗಿದ್ದಾರೆ. ಅವನು ಹುಡುಗನ ಮುಖ ನೋಡಿದ, ತನ್ನ ಹೂವಿನ ಕಡೆ ತಿರುಗಿದ, ಮತ್ತೆ ಹುಡುಗನ ಕಡೆ ತಿರುಗಿದ.

"ಫೋಟ ಆಗ್ಲಿ ಕಣವ್ವ, ಕೊಡ್ದೆ ಇರ್ತೀನಾ," ಎಂದ. "ಸಾಹೇಬ್ರೆ, ಈಗ್ಲೇ ಹೊಡ್ಕೊಂಡ್ಬಿಡಿ, ಆಮೇಲೆ ಎಷ್ಟು ನೀರು ಬೇಕೋ ಅಷ್ಟು ಕೊಡ್ತೀನಿ."

"ಫೋನ್ ಬಂದ್ ಆಗೈತ್ರಿ," ಎಂದ ಹುಡುಗ. "ನಾಳೆ ಬರ್ತೀನ್ರಿ."

"ಹಂಗಾರೆ ನಾಳೆ ಕೊಡ್ತೀನಿ," ಎಂದ ಲಕ್ಕಣ್ಣ. ಕಣ್ಣು ತಪ್ಪಿಸಿ ದಾರಿ ಬಿಟ್ಟ.

ಮುಂದಿನ ಹೊಲದಲ್ಲೂ ಇದೇ ಆಯಿತು, ಅದರ ಮುಂದಿನದರಲ್ಲೂ ಇದೇ. ಅವನು ಬದುಕಿರಬೇಕು ಎಂದು ಅವರೆಲ್ಲರಿಗೂ ಆಸೆಯಿತ್ತು, ನಮ್ಮೆಲ್ಲರಿಗಿಂತ ಹೆಚ್ಚೇ ಇತ್ತು. ತಾಲ್ಲೂಕಿಗೆ ಉಳಿದವನು ಅವನೊಬ್ಬನೇ, ಪರಿಹಾರದ ಕೊನೆಯ ದಿನ ಹತ್ತಿರ ಬರುತ್ತಿತ್ತು. ಹುಷಾರು ಸಾಹೇಬ್ರೆ ಎಂದರು. ಬೆಚ್ಚಗೆ ಹೊದ್ದುಕೊಳ್ಳಿ ಎಂದರು. ಒಬ್ಬಾಕೆ ಓಡಿಬಂದು ಮಡಿಲಲ್ಲಿದ್ದ ಕಡಲೆಕಾಯಿಯನ್ನೆಲ್ಲ ಅವನ ತೊಡೆಯ ಮೇಲೆ ಸುರಿದಳು. ಅವನು ಎಲ್ಲರಿಗೂ ನಾಳೆ ಬರುತ್ತೇನೆ ಎಂದ. ಕೊನೆಕೊನೆಗೆ ಯಾರೂ ಕೇಳದಿದ್ದರೂ ಅದನ್ನೇ ಹೇಳಿಕೊಳ್ಳುತ್ತಿದ್ದ. ಆ ಅರ್ಧ ಹೊಲ ನನ್ನ ಹೆಸರಿನಲ್ಲೇ ಇದ್ದು, ಅದರಲ್ಲಿ ಹೂವು ನಿಂತಿದ್ದರೆ ನಾನು ಅವನನ್ನು ಗಾಡಿಯಿಂದ ಇಳಿಸಿಕೊಳ್ಳುತ್ತಿದ್ದೆನೇ ಎಂದು ಕೇಳಿಕೊಂಡೆ.

ಗೇಟಿನವನು ಈ ಸಲ ಏನೂ ಕೇಳದೆ ಅವನನ್ನು ಒಳಗೆ ಕರೆದುಕೊಂಡು ಹೋದ. ಆ ವಾರದೊಳಗೇ ಹುಡುಗ ತೀರಿಹೋದ ಎಂದು ಆಫೀಸಿನಿಂದ ಸುದ್ದಿ ಬಂತು. ಬೇರೆಯವರನ್ನು ಕಳಿಸುತ್ತೇವೆ ಎಂದರು. ಯಾರೂ ಬರುವ ಮೊದಲೇ ಕೊನೆಯ ದಿನ ದಾಟಿತು.

ಆಮೇಲೂ ಕೆಲವು ದಿನ ಜನ ಬದುವಿನ ಮೇಲೆ ಕೂತೇ ಇದ್ದರು, ಅಭ್ಯಾಸ ತಪ್ಪಿರಲಿಲ್ಲ. ಸಾಕಮ್ಮ ಬಿಂದಿಗೆ ಹೊತ್ತು ಅಕ್ಕನ ಹೊಲಕ್ಕೆ ನೀರು ಹಾಕತೊಡಗಿದ್ದಳು, ಏಳುವುದಿಲ್ಲ ಎಂದು ಗೊತ್ತಿದ್ದೂ. ಸುತ್ತಲಿನ ಹೊಲಗಳಲ್ಲಿ ಹೂವು ಅರಳಿ ಅರಳಿ ನಿಂತಿತ್ತು. ಮಂಡಿ ತೆರೆಯಲಿಲ್ಲ. ಕೊಯ್ಯುವವರಿಲ್ಲದೆ ಅದೆಲ್ಲ ಗಿಡದಲ್ಲೇ ಒಣಗಿತು, ಯಾರೊಬ್ಬರ ಜ್ವರವನ್ನೂ ತೆಗೆದುಕೊಳ್ಳದೆ.